ಕಾಫಿ ಬೇಡ ಅಂದ ಪಕ್ಕದ ಮನೆಯವರು: ಮಾರ್ಮನ್ನರ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗಳು

2015ರಲ್ಲಿ ಕೆಲಸದ ಮೇಲೆ ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿಗೆ ಹೋಗಿ ಇಳಿದೆವು. ಮೂರನೇ ದಿನ ಪಕ್ಕದ ಮನೆಯ ಗಂಡ ಹೆಂಡತಿ ಐದು ಮಕ್ಕಳ ಜೊತೆ ಬಂದರು. ಕೈಯಲ್ಲಿ ಆಗಷ್ಟೇ ಬೇಯಿಸಿದ ಬಾಳೆಹಣ್ಣಿನ ಬ್ರೆಡ್ಡು. ಮನೆಗೆ ಬಂದವರಿಗೆ ಏನೂ ಕೊಡದೆ ಕಳಿಸೋಕಾಗುತ್ತಾ? ನನ್ನ ಹೆಂಡತಿ ಊರಿಂದ ತಂದ ಪುಡಿ ಹಾಕಿ ಡಿಕಾಕ್ಷನ್ ಇಳಿಸಿ, ನೊರೆ ಬರುವ ಹಾಗೆ ಎತ್ತಿ ಹೊಯ್ದು ಲೋಟ ಮುಂದಿಟ್ಟಳು. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಘಮ ಚೆನ್ನಾಗಿದೆ, ಆದರೆ ನಾವು ಕುಡಿಯೋದಿಲ್ಲ ಅಂದರು. ಟೀ? ಅದೂ ಇಲ್ಲ. ಕೊನೆಗೆ ಶುಂಠಿ ಜೀರಿಗೆ ಕಷಾಯ ಕುಡಿದು, ಇದರಲ್ಲಿ ಏನೇನು ಹಾಕಿದ್ದೀರಿ ಅಂತ ಬರೆದುಕೊಂಡು ಹೋದರು.

ಅವರು ಮಾರ್ಮನ್ನರು. ಆ ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಾರ್ಮನ್ನರೇ. ಮೂರು ವರ್ಷ ಅಲ್ಲಿದ್ದು ವಾಪಸ್ ಬಂದ ಮೇಲೆ ಸ್ನೇಹಿತರೆಲ್ಲ ಕೇಳುವುದು ಅದೇ ಎರಡು ಮೂರು ಪ್ರಶ್ನೆ. ತುಂಬಾ ಜನ ಹೆಂಡಿರಂತೆ ಹೌದಾ? ಅದೇನೋ ವಿಶೇಷ ಒಳಉಡುಪಂತೆ? ಉತ್ತರ ಹೇಳುತ್ತೇನೆ. ಆದರೆ ಆ ಧರ್ಮವನ್ನು ಹಿಡಿದು ನಿಲ್ಲಿಸಿರುವುದು ಅದ್ಯಾವುದೂ ಅಲ್ಲ, ಭಾನುವಾರ ಬೆಳಗ್ಗೆ ನಡೆಯುವ ತುಂಬಾ ಸಾಧಾರಣವಾದ ಒಂದು ವ್ಯವಸ್ಥೆ ಅಂತ ನನಗೆ ಅನಿಸಿದೆ.

ಮೊದಲು ಹೆಸರಿನ ವಿಷಯ. ಮಾರ್ಮನ್ ಅನ್ನುವುದು ಹೊರಗಿನವರು ಇಟ್ಟ ಅಡ್ಡಹೆಸರು. ಪೂರ್ತಿ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ಅಂದರೆ ಅಂತ್ಯಕಾಲದ ಸಂತರ ಯೇಸುಕ್ರಿಸ್ತನ ಸಭೆ. 'ಸಂತರು' ಅಂದರೆ ಇಲ್ಲಿ ಸದಸ್ಯರು, ಅಷ್ಟೇ. ಅಡ್ಡಹೆಸರನ್ನು ಅವರೇ ವರ್ಷಗಟ್ಟಲೆ ಖುಷಿಯಿಂದ ಬಳಸಿದರು, ಜಾಹೀರಾತಿಗೂ ಹಾಕಿಕೊಂಡರು. 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಇನ್ನು ಸಾಕು, ಪೂರ್ತಿ ಹೆಸರೇ ಹೇಳಿ ಅಂದರು. ಜಗತ್ಪ್ರಸಿದ್ಧ ಮಾರ್ಮನ್ ಟ್ಯಾಬರ್ನಾಕಲ್ ಗಾಯನ ತಂಡದ ಹೆಸರೇ ಬದಲಾಯಿತು. ಪೂರ್ತಿ ಹೆಸರು ಬರೆಯುತ್ತಾ ಹೋದರೆ ಈ ಲೇಖನ ಮುಗಿಯುವುದಿಲ್ಲ. ಹಾಗಾಗಿ ಕ್ಷಮೆ ಕೇಳಿಕೊಂಡು ಹಳೆಯದನ್ನೇ ಬಳಸುತ್ತೇನೆ.

ಚಿನ್ನದ ಹಾಳೆಗಳ ಕಥೆ

ಜೋಸೆಫ್ ಸ್ಮಿತ್ ಹುಟ್ಟಿದ್ದು 1805ರಲ್ಲಿ, ಬಡ ರೈತರ ಮನೆಯಲ್ಲಿ. ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಹತ್ತಿರ ಅವನ ಮನೆಯವರು ಬೇಸಾಯ ಮಾಡುತ್ತಿದ್ದರು. ಆಗ ಆ ಕಡೆ ಊರಿಗೆ ನಾಲ್ಕು ಪಂಗಡ, ಪಂಗಡಕ್ಕೊಬ್ಬ ಬೋಧಕ, ಎಲ್ಲರೂ ತಮ್ಮದೇ ಸರಿ ಅನ್ನುವವರು. ಯಾವುದಕ್ಕೆ ಸೇರಲಿ ಅಂತ ತಿಳಿಯದೆ 1820ರಲ್ಲಿ ಕಾಡಿಗೆ ಹೋಗಿ ಪ್ರಾರ್ಥಿಸಿದಾಗ ತಂದೆಯಾದ ದೇವರೂ ಯೇಸುವೂ ಕಾಣಿಸಿಕೊಂಡು 'ಯಾವುದಕ್ಕೂ ಸೇರಬೇಡ' ಅಂದರು ಅಂತ ಸ್ಮಿತ್ ಮುಂದೆ ಹೇಳಿಕೊಂಡ. ಆಗ ಅವನಿಗೆ 14 ವರ್ಷ. 1823ರಲ್ಲಿ ಮೊರೋನೈ ಅನ್ನುವ ದೇವದೂತ ಬಂದು, ಹತ್ತಿರದ ಗುಡ್ಡದಲ್ಲಿ ಚಿನ್ನದ ಹಾಳೆಗಳ ಮೇಲೆ ಕೆತ್ತಿದ ಪುಸ್ತಕ ಹೂತಿದೆ ಅಂದನಂತೆ. ನಾಲ್ಕು ವರ್ಷ ಕಾದ ಮೇಲೆ ಅದು ಕೈಗೆ ಸಿಕ್ಕಿತಂತೆ.

ಅದನ್ನು ಓದಿದ್ದು ಹೇಗೆ? ಸ್ಮಿತ್ ಒಂದು ಕಲ್ಲನ್ನು ಟೋಪಿಯೊಳಗೆ ಹಾಕಿ, ಬೆಳಕು ಬರದ ಹಾಗೆ ಮುಖ ಹುದುಗಿಸಿ ಸಾಲು ಸಾಲಾಗಿ ಹೇಳುತ್ತಿದ್ದ, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಇದನ್ನು ವಿರೋಧಿಗಳು ಹೇಳಿದರೆ ಕುಹಕ ಅಂತ ಎಷ್ಟೋ ಮಾರ್ಮನ್ನರೇ ಅಂದುಕೊಂಡಿದ್ದರು. 2015ರಲ್ಲಿ ಚರ್ಚೇ ಆ ಕಲ್ಲಿನ ಫೋಟೊ ಹೊರಗೆ ಬಿಟ್ಟಿತು. ಮೊಟ್ಟೆಯ ಆಕಾರ, ಕಂದು ಬಣ್ಣ, ಮೈಮೇಲೆ ಪಟ್ಟೆ. ಹೊಳೆದಂಡೆಯಲ್ಲಿ ಮಕ್ಕಳು ಆರಿಸಿಕೊಂಡು ಜೇಬಿಗೆ ಹಾಕಿಕೊಳ್ಳುತ್ತಾರಲ್ಲ, ಅಂಥ ಕಲ್ಲು.

'ಬುಕ್ ಆಫ್ ಮಾರ್ಮನ್' ಅಚ್ಚಾಗಿದ್ದು 1830ರ ಮಾರ್ಚ್‌ನಲ್ಲಿ, 5,000 ಪ್ರತಿ. ದುಡ್ಡಿಗೆ ಮಾರ್ಟಿನ್ ಹ್ಯಾರಿಸ್ ಅನ್ನುವ ರೈತ ತನ್ನ ಹೊಲ ಅಡವಿಟ್ಟಿದ್ದ. ಅದೇ ಏಪ್ರಿಲ್ 6ಕ್ಕೆ ಚರ್ಚ್ ಶುರುವಾಯಿತು. ಪುಸ್ತಕದ ಕಥೆ ಹೀಗೆ: ಕ್ರಿಸ್ತಪೂರ್ವ 600ರ ಹೊತ್ತಿಗೆ ಲೀಹೈ ಅನ್ನುವ ಪ್ರವಾದಿ (ನಮ್ಮ ಊರಿನ ಹೆಸರು ಅಲ್ಲಿಂದಲೇ ಬಂದಿದ್ದು) ಮನೆಮಂದಿ ಕಟ್ಟಿಕೊಂಡು ಜೆರೂಸಲೇಮ್ ಬಿಟ್ಟು, ಹಡಗು ಹತ್ತಿ ಅಮೆರಿಕ ಸೇರುತ್ತಾನೆ. ಅವನ ಮಕ್ಕಳು ಎರಡು ಜನಾಂಗವಾಗಿ ನೂರಾರು ವರ್ಷ ಬಡಿದಾಡುತ್ತಾರೆ. ಸತ್ತು ಎದ್ದ ಯೇಸು ಅಮೆರಿಕಕ್ಕೂ ಬಂದು ಬೋಧಿಸುತ್ತಾನೆ. ಕೊನೆಗೆ ಈ ಚರಿತ್ರೆಯನ್ನೆಲ್ಲ ಒಟ್ಟುಮಾಡಿ ಬರೆದವನೇ ಮಾರ್ಮನ್, ಹೂತಿಟ್ಟವನು ಅವನ ಮಗ ಮೊರೋನೈ.

ಇದಕ್ಕೆ ಉತ್ಖನನದಲ್ಲಿ ಪುರಾವೆ ಸಿಕ್ಕಿಲ್ಲ. ಅಮೆರಿಕದ ಮೂಲನಿವಾಸಿಗಳ ಪೂರ್ವಜರು ಏಷ್ಯಾದಿಂದ ಬಂದವರು ಅಂತ ಡಿಎನ್‌ಎ ಹೇಳುತ್ತದೆ. ಪುಸ್ತಕದ ಮುನ್ನುಡಿಯಲ್ಲಿ ಲೀಹೈ ವಂಶದವರೇ ಮೂಲನಿವಾಸಿಗಳ 'ಮುಖ್ಯ ಪೂರ್ವಜರು' ಅಂತ ಇದ್ದದ್ದು 2006ರ ನಂತರ 'ಪೂರ್ವಜರಲ್ಲಿ ಸೇರಿದವರು' ಅಂತಾಯಿತು. ಒಂದು ಸಂಜೆ ಧೈರ್ಯ ಮಾಡಿ ಪಕ್ಕದ ಮನೆಯವರನ್ನೇ ಇದರ ಬಗ್ಗೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. 'ಓದಿ, ಪ್ರಾರ್ಥನೆ ಮಾಡಿ, ನಿಜವೋ ಅಲ್ಲವೋ ಅಂತ ದೇವರನ್ನೇ ಕೇಳಿ' ಅಂದರು. ಆ ಪುಸ್ತಕದ ಕೊನೆಯ ಅಧ್ಯಾಯ ಹೇಳುವುದೂ ಇದನ್ನೇ. ಪುರಾವೆಯ ಮಾತು ಬಂದಾಗಲೆಲ್ಲ ಅವರು ಹೋಗಿ ನಿಲ್ಲುವ ಜಾಗ ಅದು.

ಕ್ರೈಸ್ತರು ಹೌದಾ, ಅಲ್ವಾ?

ಅವರನ್ನು ಕೇಳಿದರೆ ಖಂಡಿತ ಹೌದು. ಉಳಿದ ಬಹುಪಾಲು ಚರ್ಚುಗಳನ್ನು ಕೇಳಿದರೆ ಅಲ್ಲ. ಮಾರ್ಮನ್ನರು ಕೊಡುವ ದೀಕ್ಷಾಸ್ನಾನವನ್ನು (ಬ್ಯಾಪ್ಟಿಸಮ್) ತಾನು ಮಾನ್ಯ ಮಾಡುವುದಿಲ್ಲ ಅಂತ ಕ್ಯಾಥೊಲಿಕ್ ಚರ್ಚ್ 2001ರಲ್ಲಿ ತೀರ್ಮಾನ ಕೊಟ್ಟಿದೆ.

ಜಗಳ ಯಾಕೆ ಅಂದರೆ, ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ತ್ರಿತ್ವವನ್ನು ಮಾರ್ಮನ್ನರು ಒಪ್ಪುವುದಿಲ್ಲ. ಮೂವರೂ ಬೇರೆ ಬೇರೆ, ಉದ್ದೇಶ ಮಾತ್ರ ಒಂದು ಅನ್ನುತ್ತಾರೆ. ತಂದೆಗೆ ಮಾಂಸ, ಮೂಳೆ ಇರುವ ದೇಹ ಉಂಟು. ಸ್ವರ್ಗದಲ್ಲಿ ತಾಯಿಯೂ ಇದ್ದಾಳೆ, ಆದರೆ ಅವಳಿಗೆ ಪ್ರಾರ್ಥನೆ ಸಲ್ಲಿಸುವಂತಿಲ್ಲ. ಹುಟ್ಟುವ ಮೊದಲೂ ನಾವೆಲ್ಲ ಆತ್ಮಗಳಾಗಿ ದೇವರ ಹತ್ತಿರ ಇದ್ದೆವು. ಸತ್ತ ಮೇಲೆ ಬರೀ ಸ್ವರ್ಗ ನರಕ ಅಂತ ಎರಡೇ ಅಲ್ಲ, ಮಹಿಮೆಯ ಮೂರು ಲೋಕಗಳಿವೆ. ಎಲ್ಲಕ್ಕಿಂತ ಮೇಲಿನದರಲ್ಲಿ ಗಂಡ ಹೆಂಡತಿ ಮಕ್ಕಳು ಯಾವತ್ತಿಗೂ ಒಂದೇ ಕುಟುಂಬವಾಗಿ ಇರಬಹುದು. ಅಲ್ಲಿ ಮನುಷ್ಯರು ಬೆಳೆಯುತ್ತಾ ಬೆಳೆಯುತ್ತಾ ದೇವರ ಹಾಗೇ ಆಗಬಹುದು. ನಮಗೆ ಈ ಕೊನೆಯ ಮಾತು ಅಷ್ಟೇನೂ ವಿಚಿತ್ರ ಅನಿಸದೇ ಇರಬಹುದು. ಅಮೆರಿಕದ ಬ್ಯಾಪ್ಟಿಸ್ಟರ ಮುಂದೆ ಹೇಳಿ ನೋಡಿ, ಎದ್ದು ಹೋಗುತ್ತಾರೆ.

ಸಂಬಳವಿಲ್ಲದ ಬಿಷಪ್

ಈಗ ನಾನು ಹೇಳಿದ ಆ ಭಾನುವಾರದ ವ್ಯವಸ್ಥೆಗೆ ಬರೋಣ.

ಒಂದು ಸಭೆಗೆ ಅವರು ಇಟ್ಟ ಹೆಸರು 'ವಾರ್ಡ್'. ಬೆಂಗಳೂರಿನವರಿಗೆ ಥಟ್ಟನೆ ಅರ್ಥವಾಗುತ್ತದೆ: ನೀವು ಯಾವ ವಾರ್ಡಿನವರು ಅನ್ನೋದನ್ನು ನಿಮ್ಮ ಮನೆ ವಿಳಾಸ ತೀರ್ಮಾನಿಸುತ್ತದೆ. ಚೆನ್ನಾಗಿ ಮಾತಾಡುವ ಪಾದ್ರಿ ಇದ್ದಾರೆ ಅಂತ ಆಚೆ ಬೀದಿಯ ಚರ್ಚಿಗೆ ಹೋಗುವ ಹಾಗಿಲ್ಲ. ಯೂಟಾದಲ್ಲಿ ನಾಲ್ಕೈದು ಬೀದಿಗೇ ಒಂದು ವಾರ್ಡ್ ಆಗಿಬಿಡುತ್ತದೆ. ಒಂದೇ ಕಟ್ಟಡದಲ್ಲಿ ಎರಡು ಮೂರು ವಾರ್ಡುಗಳು ಸರದಿಯ ಮೇಲೆ ಸೇರುತ್ತವೆ. ಜನ ಕಡಿಮೆ ಇದ್ದರೆ ಅದು 'ಬ್ರಾಂಚ್'. ಹಲವು ವಾರ್ಡ್ ಸೇರಿದರೆ 'ಸ್ಟೇಕ್', ಅಂದರೆ ಗೂಟ. ಡೇರೆಯನ್ನು ಗೂಟ ಹೊಡೆದು ನಿಲ್ಲಿಸುತ್ತಾರಲ್ಲ, ಬೈಬಲಿನ ಯೆಶಾಯನ ಗ್ರಂಥದಲ್ಲಿ ಬರುವ ಆ ಹೋಲಿಕೆಯಿಂದ ತೆಗೆದುಕೊಂಡ ಹೆಸರು.

ವಾರ್ಡಿನ ಮುಖ್ಯಸ್ಥ ಬಿಷಪ್. ನಮ್ಮ ವಾರ್ಡಿನ ಬಿಷಪ್ ಹಲ್ಲಿನ ಡಾಕ್ಟರು. ಸೋಮವಾರದಿಂದ ಶುಕ್ರವಾರ ಹಲ್ಲು ಕೀಳುತ್ತಿದ್ದರು, ಸಂಜೆ ಮತ್ತು ಭಾನುವಾರ ಸಭೆಯ ಕಷ್ಟಸುಖ. ಯಾರ ಕೆಲಸ ಹೋಯಿತು, ಯಾರ ಮನೆಯಲ್ಲಿ ಜಗಳ, ಯಾರಿಗೆ ತಿಂಗಳ ದಿನಸಿ ಕೊಡಿಸಬೇಕು, ಎಲ್ಲ ಅವರ ತಲೆ ಮೇಲೆ. ಸಂಬಳ ಒಂದು ಡಾಲರೂ ಇಲ್ಲ. ಧರ್ಮಶಾಸ್ತ್ರದ ಡಿಗ್ರಿಯೂ ಇಲ್ಲ. ಹೆಚ್ಚುಕಡಿಮೆ ಐದು ವರ್ಷ ಆದ ಮೇಲೆ 'ಬಿಡುಗಡೆ', ಮರುವಾರದಿಂದ ಅವರು ನರ್ಸರಿ ಕೋಣೆಯಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಾ ಕೂತಿರಬಹುದು. ಆ ಹುದ್ದೆಗೆ ಅರ್ಜಿ ಹಾಕೋ ಹಾಗಿಲ್ಲ. ಕರೆ ಬರುತ್ತದೆ, ಒಪ್ಪಿಕೊಳ್ಳುತ್ತಾರೆ. ಬಿಷಪ್ ಮಾತ್ರ ಅಲ್ಲ, ವಾರ್ಡಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕರೆ: ಪಿಯಾನೊ ನುಡಿಸುವುದು, ಭಾನುವಾರದ ಪಾಠ ಹೇಳುವುದು, ಲೆಕ್ಕ ಬರೆಯುವುದು.

ಕುತೂಹಲಕ್ಕೆ ನಾನೂ ಒಂದು ಭಾನುವಾರ ಹೋಗಿ ಕೂತೆ. ಶಿಲುಬೆ ಇಲ್ಲ, ಮೇಣದಬತ್ತಿ ಇಲ್ಲ. ಮದುವೆ ಹಾಲ್ ಥರದ ಕೋಣೆ, ಹಿಂದುಗಡೆ ಬಾಸ್ಕೆಟ್‌ಬಾಲ್ ಅಂಕಣ. ಮಕ್ಕಳ ಗಲಾಟೆ ಅಂದರೆ ಗಲಾಟೆ. ಮುಂದೆ ಮೇಜಿನ ಹತ್ತಿರ ಹದಿನಾರು ಹದಿನೇಳರ ಹುಡುಗ, ಯೇಸುವಿನ ನೆನಪಿಗೆ ಹಂಚುವ ಬ್ರೆಡ್ ಹರಿದಿಟ್ಟು, ಮೊಣಕಾಲೂರಿ ಪ್ರಾರ್ಥನೆ ಓದಿದ. ಆ ಪ್ರಾರ್ಥನೆ ಗ್ರಂಥದಲ್ಲಿ ಇರುವ ಹಾಗೇ ಪದಕ್ಕೆ ಪದ ಬರಬೇಕು. ಒಂದು ಪದ ತಪ್ಪಿತು ಅಂತ ಕಾಣುತ್ತದೆ, ಬಿಷಪ್ ಸಣ್ಣಗೆ ತಲೆ ಅಲ್ಲಾಡಿಸಿದರು. ಹುಡುಗನ ಕಿವಿ ಕೆಂಪಾಯಿತು, ಮೊದಲಿಂದ ಓದಿದ. ನನಗೆ ಉಪನಯನದಲ್ಲಿ ಮಂತ್ರ ತಡವರಿಸಿದ ದಿನ ನೆನಪಾಯಿತು. ಆಮೇಲೆ ಹನ್ನೆರಡು ಹದಿಮೂರರ ಹುಡುಗರು ಟೈ ಕಟ್ಟಿಕೊಂಡು ಬ್ರೆಡ್ ತಟ್ಟೆ ಹಂಚಿದರು. ನಂತರ ಪುಟಾಣಿ ಲೋಟಗಳಲ್ಲಿ ನೀರು. ದ್ರಾಕ್ಷಾರಸ ಇಲ್ಲ, ನೀರೇ. ಪ್ರವಚನ ಹೇಳುವುದಕ್ಕೂ ಪಾದ್ರಿ ಇಲ್ಲ, ಅವತ್ತು ಮಾತಾಡಿದ್ದು ಒಬ್ಬ ಕಾಲೇಜು ಹುಡುಗಿ ಮತ್ತು ಒಬ್ಬ ಅಜ್ಜ. ಆಗ ಇದೆಲ್ಲ ಮೂರು ಗಂಟೆ ಹಿಡಿಯುತ್ತಿತ್ತು. 2019ರಿಂದ ಎರಡು ಗಂಟೆಗೆ ಇಳಿಸಿದ್ದಾರೆ.

ಈ ಪೌರೋಹಿತ್ಯ ಗಂಡಸರಿಗೆ ಮಾತ್ರ, ಹುಡುಗರಿಗೆ ಹನ್ನೆರಡರ ಹೊತ್ತಿಗೇ ಶುರು. ಹೆಂಗಸರಿಗೆ 1842ರಲ್ಲಿ ಹುಟ್ಟಿದ 'ರಿಲೀಫ್ ಸೊಸೈಟಿ' ಇದೆ. ಯಾರಾದರೂ ಹೆತ್ತರೆ, ಸತ್ತರೆ, ಕಾಯಿಲೆ ಬಿದ್ದರೆ ವಾರಗಟ್ಟಲೆ ಆ ಮನೆಗೆ ಊಟ ತಲುಪಿಸುವುದು ಇವರೇ. ನನ್ನ ಹೆಂಡತಿಗೆ ಆಪರೇಶನ್ ಆದಾಗ ನಾವು ಸದಸ್ಯರಲ್ಲ ಅಂತ ಗೊತ್ತಿದ್ದೂ ಆರು ದಿನ ಊಟ ಬಂತು, ಅದೂ ಮಾಂಸ ಹಾಕದ್ದು. ಆದರೆ ವಾರ್ಡಿನ ದೊಡ್ಡ ತೀರ್ಮಾನಗಳ ಮೇಜಿನಲ್ಲಿ ಕೊನೆಯ ಮಾತು ಗಂಡಸರದೇ. ಈ ಬಗ್ಗೆ ಒಳಗೇ ಬೇಕಾದಷ್ಟು ಅಸಮಾಧಾನ ಇದೆ, ಗಟ್ಟಿಯಾಗಿ ಹೇಳಿದವರು ಕಡಿಮೆ.

ಮೇಲಿನ ಹಂತ ಬೇರೆ ಥರ. ಸಾಲ್ಟ್ ಲೇಕ್ ಸಿಟಿಯಲ್ಲಿ ಅಧ್ಯಕ್ಷರು, ಅವರ ಇಬ್ಬರು ಸಲಹೆಗಾರರು, ಹನ್ನೆರಡು ಜನ ಅಪೊಸ್ತಲರು. ಇವರದು ಪೂರ್ಣಾವಧಿ ಕೆಲಸ, ಜೀವನ ಭತ್ಯೆ ಇದೆ. ಅಧ್ಯಕ್ಷರನ್ನು ಸದಸ್ಯರು 'ಪ್ರವಾದಿ' ಅಂತಲೇ ಕರೆಯುತ್ತಾರೆ. ಆಯ್ಕೆಯಲ್ಲಿ ಕುತೂಹಲ ಏನೂ ಇಲ್ಲ. ಸರ್ಕಾರಿ ಕಚೇರಿಯ ಸೀನಿಯಾರಿಟಿ ಲಿಸ್ಟ್ ಇದ್ದ ಹಾಗೆ, ಅಪೊಸ್ತಲರಲ್ಲಿ ಯಾರು ಮೊದಲು ಸೇರಿದ್ದರೋ ಅವರೇ ಮುಂದಿನ ಅಧ್ಯಕ್ಷರು. ನಿವೃತ್ತಿ ಮಾತ್ರ ಇಲ್ಲ. ಹೃದಯದ ಸರ್ಜನ್ ಆಗಿದ್ದ ನೆಲ್ಸನ್ 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ 101. ಅವರ ನಂತರ ಬಂದ ಡ್ಯಾಲಿನ್ ಓಕ್ಸ್, ಒಂದು ಕಾಲದಲ್ಲಿ ಯೂಟಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ಅಧಿಕಾರ ವಹಿಸಿಕೊಂಡಿದ್ದು 93ನೇ ವಯಸ್ಸಿನಲ್ಲಿ.

ದುಡ್ಡು ಎಲ್ಲಿಂದ? ಆದಾಯದ ಹತ್ತರಲ್ಲಿ ಒಂದು ಪಾಲು, ದಶಮಾಂಶ. ತೆರಿಗೆ ಕಳೆಯುವ ಮುಂಚಿನದೋ ಕಳೆದ ಮೇಲಿನದೋ ಅನ್ನುವುದು ಅವರವರ ಮನಸ್ಸಾಕ್ಷಿಗೆ ಬಿಟ್ಟಿದ್ದು, ಆಫೀಸಿನಲ್ಲಿ ಇದೇ ಚರ್ಚೆ ನಡೆಯುತ್ತಿತ್ತು. ಇದಲ್ಲದೆ ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ, ನೀರೂ ಇಲ್ಲ. ಉಳಿದ ಊಟದ ದುಡ್ಡು ಬಡವರಿಗೆ. ಏಕಾದಶಿ ಗೊತ್ತಿರುವ ನಮಗೆ ಉಪವಾಸ ಹೊಸದಲ್ಲ, ಆ ಊಟದ ಲೆಕ್ಕ ಹಾಕಿ ಕೊಡುವುದು ಮಾತ್ರ ನನಗೆ ತುಂಬಾ ಹಿಡಿಸಿತು. ಅದೇ ಹೊತ್ತಿಗೆ ಚರ್ಚಿನ ಹೂಡಿಕೆ ಸಂಸ್ಥೆ 'ಎನ್‌ಸೈನ್ ಪೀಕ್' ಹತ್ತಿರ ಸುಮಾರು 10,000 ಕೋಟಿ ಡಾಲರ್ ಇದೆ ಅಂತ ಅಲ್ಲಿ ಕೆಲಸ ಮಾಡಿದವರೊಬ್ಬರು 2019ರಲ್ಲಿ ಬಯಲು ಮಾಡಿದರು. ಶೇರುಗಳ ಒಡೆತನವನ್ನು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಮರೆಮಾಚಿದ್ದಕ್ಕೆ 2023ರಲ್ಲಿ ಅಮೆರಿಕದ ಶೇರು ಮಾರುಕಟ್ಟೆ ನಿಯಂತ್ರಕರು ಚರ್ಚಿಗೂ ಆ ಸಂಸ್ಥೆಗೂ ಸೇರಿ 50 ಲಕ್ಷ ಡಾಲರ್ ದಂಡ ಹಾಕಿದರು. ಕಷ್ಟಪಟ್ಟು ಹತ್ತನೇ ಒಂದು ಕೊಡುತ್ತಾ ಬಂದವರಿಗೆ ಈ ಸುದ್ದಿ ಚುಚ್ಚಿತು.

ಹಾಗಾದರೆ ಕಾಫಿ ಯಾಕಿಲ್ಲ?

1833ರಲ್ಲಿ ಓಹಾಯೊದ ಕರ್ಟ್‌ಲೆಂಡಿನಲ್ಲಿ ಸ್ಮಿತ್ ಮನೆಯ ಮಹಡಿ ಮೇಲೆ ಗಂಡಸರ ಸಭೆ ನಡೆಯುತ್ತಿತ್ತು. ಕೋಣೆ ತುಂಬ ಹೊಗೆ, ನೆಲದ ತುಂಬ ಜಗಿದು ಉಗಿದ ಹೊಗೆಸೊಪ್ಪು. ಒರೆಸಿ ಒರೆಸಿ ಹೆಂಡತಿ ಎಮ್ಮಾಗೆ ಸಾಕಾಗಿ ದೂರಿದಳು, ಅದರಿಂದಲೇ ಸ್ಮಿತ್ ದೇವರನ್ನು ಕೇಳಿದ ಅಂತ, ಸ್ಮಿತ್ ನಂತರ ಚರ್ಚಿನ ಅಧ್ಯಕ್ಷನಾದ ಬ್ರಿಗಮ್ ಯಂಗ್ ಮುಂದೆ ನೆನಪಿಸಿಕೊಂಡಿದ್ದಾನೆ. ಆಗ ಬಂದ ಉಪದೇಶದಲ್ಲಿ ಮದ್ಯ ಬೇಡ, ತಂಬಾಕು ಬೇಡ, 'ಬಿಸಿ ಪಾನೀಯ' ಬೇಡ ಅಂತಿದೆ. ಬಿಸಿ ಪಾನೀಯ ಅಂದರೆ ಕಾಫಿ, ಟೀ ಅಂತ ಅರ್ಥ ಮಾಡಿಕೊಂಡರು. ಆದ್ದರಿಂದ ಐಸ್ ಹಾಕಿದ ಟೀ ನಿಷಿದ್ಧ, ಕುದಿಯುವ ಚಾಕೊಲೇಟ್ ಹಾಲು ಸರಿ, ಕೋಲಾ ಕೂಡ ಸರಿ. ಯೂಟಾದಲ್ಲಿ ಸೋಡಾ ಅಂಗಡಿಗಳ ಮುಂದೆ ಕಾರುಗಳ ಸಾಲು ನೋಡಿದರೆ ನಿಮಗೇ ತಿಳಿಯುತ್ತದೆ. ಅದೇ ಉಪದೇಶದಲ್ಲಿ ಮಾಂಸವನ್ನು ಮಿತವಾಗಿ ತಿನ್ನಿ, ಆದಷ್ಟೂ ಚಳಿಗಾಲ, ಬರಗಾಲಕ್ಕೆ ಇಟ್ಟುಕೊಳ್ಳಿ ಅನ್ನುವ ಮಾತೂ ಇದೆ. ಅದನ್ನು ಯಾರೂ ಕೇಳುವುದಿಲ್ಲ. ಜುಲೈ ತಿಂಗಳ ಬಾರ್ಬೆಕ್ಯೂಗಳಲ್ಲಿ ಜೋಳದ ತೆನೆ ಮಾತ್ರ ತಿನ್ನುತ್ತಾ ಕೂತಿದ್ದವನು ನಾನೊಬ್ಬನೇ.

ತುಂಬಾ ಹೆಂಡಿರು

ಇತ್ತು. ಈಗ ಇಲ್ಲ. ಇದು ಚಿಕ್ಕ ಉತ್ತರ. ಸ್ಮಿತ್‌ಗೆ 30ರಿಂದ 40 ಹೆಂಡಿರು ಇದ್ದಿರಬಹುದು, ಒಬ್ಬಳಿಗೆ ಇನ್ನೂ 15 ತುಂಬಿರಲಿಲ್ಲ ಅಂತ 2014ರಲ್ಲಿ ಚರ್ಚೇ ಬರೆದು ಒಪ್ಪಿಕೊಂಡಿತು. ಮಿಸ್ಸೂರಿಯಲ್ಲಿ ಆ ಮೊದಲೇ ನೆಲೆ ಸಿಕ್ಕಿರಲಿಲ್ಲ. ಅಲ್ಲಿನ ಗವರ್ನರ್ 1838ರಲ್ಲಿ ಇವರನ್ನು ಓಡಿಸಿ ಇಲ್ಲವೇ ನಿರ್ನಾಮ ಮಾಡಿ ಅಂತಲೇ ಆದೇಶ ಹೊರಡಿಸಿದ್ದ. ಇಲಿನಾಯ್‌ಗೆ ಬಂದು ಊರು ಕಟ್ಟಿದರು. ಅಲ್ಲಿ ಬಹುಪತ್ನಿತ್ವವನ್ನು ಬಯಲು ಮಾಡಿದ ಪತ್ರಿಕೆಯ ಅಚ್ಚಿನ ಯಂತ್ರವನ್ನು ಸ್ಮಿತ್ ಒಡೆಸಿದ. ಜೈಲಿಗೆ ಹೋದ. 1844ರ ಜೂನ್ 27ರಂದು ಗುಂಪೊಂದು ಕಾರ್ತೇಜ್ ಜೈಲಿಗೆ ನುಗ್ಗಿ ಅವನನ್ನೂ ಅಣ್ಣ ಹೈರಮ್‌ನನ್ನೂ ಗುಂಡಿಕ್ಕಿ ಕೊಂದಿತು.

ಉಳಿದವರಲ್ಲಿ ಹೆಚ್ಚಿನವರನ್ನು ಬ್ರಿಗಮ್ ಯಂಗ್ ಪಶ್ಚಿಮಕ್ಕೆ ಕರೆದುಕೊಂಡು ಹೊರಟ. 1847ರ ಜುಲೈ 24ಕ್ಕೆ ಅವನು ಸಾಲ್ಟ್ ಲೇಕ್ ಕಣಿವೆ ಸೇರಿದ. ಆ ದಿನ ಯೂಟಾದಲ್ಲಿ ಈಗಲೂ ರಜೆ, ಪಟಾಕಿ. 1852ರಲ್ಲಿ ಬಹುಪತ್ನಿತ್ವವನ್ನು ಬಹಿರಂಗವಾಗಿ ಘೋಷಿಸಿದರು. ಅಮೆರಿಕ ಸರ್ಕಾರ ಕಾನೂನಿನ ಮೇಲೆ ಕಾನೂನು ತಂದು, ಕೊನೆಗೆ ಚರ್ಚಿನ ಆಸ್ತಿಗೇ ಕೈ ಹಾಕಿತು. 1890ರಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಪದ್ಧತಿಯನ್ನು ಕೈಬಿಡುವುದಾಗಿ ಪ್ರಕಟಿಸಿದ. ಆರು ವರ್ಷದಲ್ಲಿ ಯೂಟಾಗೆ ರಾಜ್ಯದ ಸ್ಥಾನ ಸಿಕ್ಕಿತು. ಈಗ ಎರಡನೇ ಹೆಂಡತಿ ಕಟ್ಟಿಕೊಂಡರೆ ಚರ್ಚಿನಿಂದಲೇ ಹೊರಗೆ. ಟೀವಿಯಲ್ಲಿ ಉದ್ದ ಲಂಗ ಹಾಕಿ ಕಾಣಿಸುವ ಬಹುಪತ್ನಿ ಕುಟುಂಬಗಳು ಒಡೆದುಹೋದ ಬೇರೆ ಪಂಗಡದವರು. ಒಂದು ಎಳೆ ಮಾತ್ರ ಉಳಿದಿದೆ: ಹೆಂಡತಿ ಸತ್ತ ಗಂಡಸು ಇನ್ನೊಬ್ಬಳನ್ನು ದೇವಾಲಯದಲ್ಲಿ ಮದುವೆಯಾದರೆ, ಪರಲೋಕದಲ್ಲಿ ಇಬ್ಬರೂ ಅವನ ಹೆಂಡಿರೇ. ನೆಲ್ಸನ್, ಓಕ್ಸ್ ಇಬ್ಬರದೂ ಇಂಥದೇ ಎರಡನೇ ಮದುವೆ. ನಮ್ಮ ಪಕ್ಕದ ಮನೆಯಾಕೆ ಗಂಡನಿಗೆ ತಮಾಷೆಯಾಗಿ 'ನಾನು ಸತ್ತರೆ ನೀನು ಒಬ್ಬನೇ ಇರು' ಅನ್ನುತ್ತಿದ್ದಳು. ಅದು ಪೂರ್ತಿ ತಮಾಷೆ ಅಂತ ನನಗೆ ಅನಿಸಲಿಲ್ಲ.

ಇನ್ನೊಂದು ಕಪ್ಪು ಚುಕ್ಕೆ ಬಣ್ಣದ್ದು. 1978ರ ಜೂನ್‌ವರೆಗೆ ಕಪ್ಪು ಜನಾಂಗದ ಗಂಡಸರಿಗೆ ಪೌರೋಹಿತ್ಯ ಕೊಡುತ್ತಿರಲಿಲ್ಲ. ದೇವರ ಹೊಸ ಅಪ್ಪಣೆಯಾಗಿದೆ ಅಂತ ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ತಡೆ ತೆಗೆದರು.

ದೇವಾಲಯದ ಒಳಗೆ

ವಾರ್ಡಿನ ಕಟ್ಟಡಕ್ಕೆ ಯಾರು ಬೇಕಾದರೂ ಹೋಗಬಹುದು. ದೇವಾಲಯ ಬೇರೆ. ಭಾನುವಾರ ಅದಕ್ಕೆ ಬೀಗ! ಒಳಗೆ ಹೋಗೋಕೆ ಸದಸ್ಯರಿಗೂ ಬಿಷಪ್ ಸಂದರ್ಶನ ಮಾಡಿ ಕೊಟ್ಟ ಚೀಟಿ ಬೇಕು. ದಶಮಾಂಶ ಕೊಟ್ಟಿದ್ದೀರಾ, ಕಾಫಿ ಮುಟ್ಟಿಲ್ಲ ತಾನೇ, ಸಂಗಾತಿಗೆ ನಿಷ್ಠರಾಗಿದ್ದೀರಾ, ಇವೆಲ್ಲ ವಿಚಾರಿಸುತ್ತಾರೆ. ಅಲ್ಲಿ ಪ್ರಮಾಣ ಮಾಡಿದವರು ಆ ನೆನಪಿಗೆ ತೊಡುವುದೇ ಆ 'ವಿಶೇಷ ಒಳಉಡುಪು'. ಬಿಳಿ ಬನಿಯನ್, ಮೊಣಕಾಲವರೆಗಿನ ಚಡ್ಡಿ, ಅಷ್ಟೇ. ಜನಿವಾರ, ಪಾರ್ಸಿಗಳ ಸುದ್ರೆ ನೋಡಿದ ನಾವು ಇದಕ್ಕೆ ನಗುವುದರಲ್ಲಿ ಅರ್ಥ ಇಲ್ಲ.

ಹೊಸ ದೇವಾಲಯ ಪ್ರತಿಷ್ಠೆಯಾಗುವ ಮುಂಚೆ ಮಾತ್ರ ಕೆಲವು ವಾರ ಎಲ್ಲರಿಗೂ ತೆರೆದಿಡುತ್ತಾರೆ. 2016ರಲ್ಲಿ ಪಕ್ಕದ ಪ್ರೊವೊ ಊರಿನಲ್ಲಿ ಹಾಗೆ ತೆರೆದಾಗ ನಾವೂ ಸಾಲಿನಲ್ಲಿ ನಿಂತೆವು. ಸುಟ್ಟುಹೋಗಿದ್ದ ಹಳೆಯ ಸಭಾಭವನದ ಗೋಡೆಗಳನ್ನೇ ಉಳಿಸಿಕೊಂಡು ಕಟ್ಟಿದ ದೇವಾಲಯ ಅದು. ಶೂ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿಸಿ ಒಳಗೆ ಬಿಟ್ಟರು. ಕೆಳಗೆ ಹನ್ನೆರಡು ಎತ್ತುಗಳ ಬೆನ್ನ ಮೇಲೆ ನಿಲ್ಲಿಸಿದ ದೊಡ್ಡ ತೊಟ್ಟಿ. ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯುವುದು ಅದರಲ್ಲಿ. ಒಂದೊಂದು ಹೆಸರಿಗೆ ಒಂದೊಂದು ಮುಳುಗು. ಸತ್ತವರು ಪರಲೋಕದಲ್ಲಿ ಅದನ್ನು ಒಪ್ಪಬಹುದು, ಬಿಡಬಹುದು ಅನ್ನುತ್ತಾರೆ. ಈ ಹೆಸರುಗಳಿಗಾಗಿಯೇ ಮಾರ್ಮನ್ನರು ಜಗತ್ತಿನಲ್ಲೇ ಅತಿ ದೊಡ್ಡ ವಂಶಾವಳಿ ಸಂಗ್ರಹ ಕಟ್ಟಿದ್ದಾರೆ, ಸಾಲ್ಟ್ ಲೇಕ್ ಹತ್ತಿರ ಬೆಟ್ಟ ಕೊರೆದು ಮೈಕ್ರೋಫಿಲ್ಮ್ ಇಟ್ಟಿದ್ದಾರೆ. ನಾಜಿಗಳು ಕೊಂದ ಯಹೂದಿಗಳ ಹೆಸರಲ್ಲೂ ಸ್ನಾನ ಮಾಡಿಸಿ ಬೈಸಿಕೊಂಡು, 1995ರಲ್ಲಿ ನಿಲ್ಲಿಸುವುದಾಗಿ ಒಪ್ಪಿದರು. ಗಾಂಧೀಜಿ ಹೆಸರಲ್ಲೂ ಮಾಡಿಸಿದ್ದರು ಅಂತ 2012ರಲ್ಲಿ ವರದಿಯಾಗಿತ್ತು.

ಮೇಲಿನ ಮಹಡಿಯಲ್ಲಿ ಮದುವೆಯ ಕೋಣೆ. ಎರಡು ಎದುರು ಗೋಡೆಗೂ ಆಳೆತ್ತರದ ಕನ್ನಡಿ. ನಡುವೆ ನಿಂತರೆ ನಾನು ಹೆಂಡತಿ ಇಬ್ಬರೂ ಕಣ್ಣು ಹೋದಷ್ಟು ದೂರ ಸಾಲಾಗಿ ಕಾಣುತ್ತಿದ್ದೆವು. ಸಾವು ಬಂದರೂ ಬಿಡಿಸಲಾಗದ ಮದುವೆ ಅನ್ನುವುದನ್ನು ಅವರು ತೋರಿಸುವುದು ಹೀಗೆ. ನಮ್ಮಲ್ಲಿ ಏಳು ಜನ್ಮ ಅಷ್ಟೇ ಅಂತ ಹೆಂಡತಿ ಕಿವಿಯಲ್ಲಿ ಅಂದಳು.

ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಚರ್ಚ್ ಬಿಟ್ಟಿದ್ದ. ಚಿನ್ನದ ಹಾಳೆಗಳ ಮೇಲಿನ ನಂಬಿಕೆ ಹೋದಾಗ ಅಷ್ಟೇನೂ ಕಷ್ಟವಾಗಲಿಲ್ಲ ಅನ್ನುತ್ತಿದ್ದ. ಆದರೆ ಅವನ ತಂಗಿಯ ಮದುವೆ ದೇವಾಲಯದಲ್ಲಿ ನಡೆದಾಗ ಚೀಟಿ ಇಲ್ಲದ ಅಣ್ಣ ಹೊರಗಿನ ಹುಲ್ಲುಹಾಸಿನಲ್ಲಿ ಕಾದು ಕೂತಿದ್ದ. ಭಾನುವಾರ ಬಂದರೆ ಮಾಡೋಕೆ ಕೆಲಸ ಇರಲಿಲ್ಲ, ಕೇಳುವವರೂ ಇರಲಿಲ್ಲ.

ಬಿಳಿ ಶರ್ಟು, ಕಪ್ಪು ಹೆಸರುಪಟ್ಟಿ ಹಾಕಿ ಜೋಡಿಯಾಗಿ ಓಡಾಡುವ ಹುಡುಗರನ್ನು ನೀವು ಬೆಂಗಳೂರಿನಲ್ಲೂ ನೋಡಿರಬಹುದು. ಇವರದೂ ಸಂಬಳವಿಲ್ಲದ ಕೆಲಸವೇ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ. ಯಾವ ದೇಶ ಅಂತ ತಾವಾಗಿ ಆರಿಸುವ ಹಾಗಿಲ್ಲ. 2019ಕ್ಕೆ ಮುಂಚೆ ಮನೆಗೆ ಫೋನ್ ಮಾಡೋಕೆ ವರ್ಷಕ್ಕೆ ಎರಡೇ ಅವಕಾಶ ಇತ್ತು. ಭಾರತಕ್ಕೆ ಇವರ ಪ್ರಚಾರಕರು 1850ರ ದಶಕದಲ್ಲೇ ಕಲ್ಕತ್ತೆಗೆ ಬಂದು ಹೆಚ್ಚೇನೂ ಆಗದೆ ವಾಪಸ್ ಹೋಗಿದ್ದರು. ಬೆಂಗಳೂರು ಕೇಂದ್ರವಾಗಿ 'ಮಿಷನ್' ಶುರುವಾಗಿದ್ದು 1993ರಲ್ಲಿ. ಜಗತ್ತಿನಲ್ಲಿ 1 ಕೋಟಿ 70 ಲಕ್ಷಕ್ಕಿಂತ ಜಾಸ್ತಿ ಸದಸ್ಯರ ಲೆಕ್ಕ ಕೊಡುವ ಚರ್ಚಿಗೆ ಭಾರತದಲ್ಲಿ ಇರುವವರು ಸುಮಾರು 15 ಸಾವಿರ.

2018ರ ಏಪ್ರಿಲ್ 1, ಭಾನುವಾರ. ವರ್ಷಕ್ಕೆ ಎರಡು ಸಲ ನಡೆಯುವ ಅವರ ಮಹಾಸಮ್ಮೇಳನ ಟೀವಿಯಲ್ಲಿ ಬರುತ್ತಿತ್ತು. ಮಧ್ಯಾಹ್ನ ನಮ್ಮ ಮನೆ ಬೆಲ್ ಬಿಡದೆ ಹೊಡೆದುಕೊಂಡಿತು. ಬಾಗಿಲು ತೆಗೆದರೆ ಪಕ್ಕದ ಮನೆಯವರು, ಕಾಲಲ್ಲಿ ಬರೀ ಸಾಕ್ಸು. 'ನಿಮ್ಮೂರಿಗೆ! ಬೆಂಗಳೂರಿಗೆ!' ನೆಲ್ಸನ್ ಆಗಷ್ಟೇ ಭಾರತದ ಮೊದಲ ದೇವಾಲಯ ಪ್ರಕಟಿಸಿದ್ದರು. ಅಲ್ಲಿವರೆಗೆ ದೇವಾಲಯದಲ್ಲಿ ಮದುವೆಯಾಗಬೇಕೆಂದರೆ ಇಲ್ಲಿನ ಸದಸ್ಯರು ದುಡ್ಡು ಕೂಡಿಟ್ಟು ಹಾಂಗ್‌ಕಾಂಗ್‌ಗೆ ಹೋಗಬೇಕಿತ್ತಂತೆ. 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆ ಥರದ ಅವರ ಕಾರ್ಯಕ್ರಮ ನಡೆದು ಕಟ್ಟೋಕೆ ಶುರುಮಾಡಿದರು. ಅವತ್ತು ಪಕ್ಕದ ಮನೆಯವರು ಸಂಭ್ರಮದಲ್ಲಿ ಹಾಗೇ ಒಳಗೆ ಬಂದು ಕೂತರು. ಬೆಂಗಳೂರಿನ ಯಾವ ಏರಿಯಾದಲ್ಲಿ ಕಟ್ಟಬಹುದು, ಅಲ್ಲಿ ಟ್ರಾಫಿಕ್ ಹೇಗೆ, ವಿಮಾನ ನಿಲ್ದಾಣದಿಂದ ಎಷ್ಟು ದೂರ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಹೆಂಡತಿ ಒಳಗಿಂದ ಕಷಾಯದ ನೀರು ಇಟ್ಟಳು.